ಕರೆಂಟು ತಿನ್ನುವ ಬೂಸರು

ಗೊತ್ತಿದ್ದ ಮಾತೂ ನನ್ನ ಬಾಯಿಂದ ಹೊರಡುವುದಿಲ್ಲ. ಜೀವಶಾಸ್ತ್ರ ಓದಿ ಏನು ಬಂತು? ಖಾರಘರದ ಕ್ಯಾನ್ಸರ್ ಆಸ್ಪತ್ರೆಯಲ್ಲಿ ಅಮ್ಮ ರೇಡಿಯೇಷನ್ನಿಗೆ ಒಳಗೆ ಹೋಗಿದ್ದಳು. ಎದುರಿಗೆ ತುರ್ಭೆ ಮಾರುಕಟ್ಟೆಯ ಹಮಾಲ ಜಟ್ಟೆಪ್ಪ, ಕೊರಳಲ್ಲಿ ಗಡ್ಡೆ. ಪಕ್ಕದಲ್ಲಿ ಹೆಂಡತಿ ಮರಗಮ್ಮ. ರೇಡಿಯೇಷನ್ನಿಗೆ ಅವರು ಕರೆಂಟು ಎನ್ನುತ್ತಿದ್ದರು.

"ಕರೆಂಟ್ ಸಾಕು. ಮನಿಗಿ ನಡಿ," ಎಂದ ಜಟ್ಟೆಪ್ಪ.

"ಹುಚ್ಚ ಹಿಡದದೇನ? ಇನ್ನ ಎಂಟ ಸಲ ಅಷ್ಟ."

"ಮೊಬೈಲ್‌ದಾಗ ನೋಡೀನಿ. ಎಲ್ಲೋ ಅಣು ಕರೆಂಟಿನ ಫ್ಯಾಕ್ಟರಿ ಒಡದಿತ್ತಂತ. ಅದರ ಗ್ವಾಡಿಗಿ ಕರೀ ಬೂಸರ ಬಂದು, ಇದೇ ಕರೆಂಟ್ ತಿಂದು ಬೆಳೀತದ."

"ನೀ ಹಳಸಿದ ರೊಟ್ಟಿ ಏನ, ಬೂಸರ ಬರಾಕ?"

"ನಾ ಸೊರಗೀನಿ, ಗಡ್ಡಿ ಹಂಗ ಅದ. ಅದೂ ಬೂಸರನ. ನಾವ ಅದಕ್ಕ ಉಣಸಾಕತ್ತೀವಿ."

ಜಟ್ಟೆಪ್ಪ ಎದ್ದು ಹೊರಟ. ಮರಗಮ್ಮ ಚೀಲ ಎತ್ತಿಕೊಂಡು ಅವನ ಹಿಂದೆ ಲಿಫ್ಟಿಗೆ ನಡೆದಳು.

ಬಾಗಿಲು ಮುಚ್ಚುವಷ್ಟರಲ್ಲಿ ನಾನು ಕೂಗಿದೆ: "ಕಾಕಾ, ಗಡ್ಡೆ ಬೂಸರಲ್ಲ. ಕರೆಂಟ್ ನಿಲ್ಲಿಸಿದರೇ ಅದು ಬೆಳೆಯೋದು!"