ಹಳೆ ಮದ್ದಿನ ಚಮಚ

ನಲವತ್ತೆರಡರ ಮಳೆಗಾಲ. ಮೆರವಣಿಗೆಯಲ್ಲಿ ಗುಂಡೇಟು ತಿಂದ ಮಗನನ್ನು ಒಳಗೆ ಮಲಗಿಸಿ, ಶಿವಗಂಗವ್ವ ಪುಣೆಯ ಒಂದು ದವಾಖಾನೆಯ ಬಾಕಿನ ಮೇಲೆ ಕೂತಿದ್ದಳು. ಪಕ್ಕದಲ್ಲಿ ಬಂದು ಕೂತ ಇಬ್ಬರು ಗಂಡಸರು ಅವಳ ಕಚ್ಚೆ ಸೀರೆ ನೋಡಿ ಮರಾಠಿಯವಳೆಂದೇ ತಿಳಿದು, ಅವಳಿಗೆ ಅರ್ಥವಾಗದೆಂದು ಕನ್ನಡದಲ್ಲಿ ಮಾತಿಗಿಳಿದರು. ಕಿರಿಯವನ ಬಲಗೈಗೆ ಸುತ್ತಿದ ಬಟ್ಟೆಯಿಂದ ರಕ್ತ ತೊಟ್ಟಿಕ್ಕುತ್ತಿತ್ತು.

“ಮದ್ದು ಎಷ್ಟು ಹಾಕಿದಿ?” ಹಿರಿಯವನು ಹಲ್ಲು ಕಡಿದ.

“ಹಿಂದ ಹಾಕತಿದ್ದಂಗ ಒಂದು ಚಮಚ, ಈರಬಸಪ್ಪಣ್ಣ.”

ಪಾಪ, ಔಷಧ ಹೆಚ್ಚಾಗಿರಬೇಕು ಎಂದುಕೊಂಡಳು ಶಿವಗಂಗವ್ವ.

“ಅದು ಹಳೆ ಕರಿಮದ್ದಿನ ಚಮಚೋ ಹುಚ್ಚಪ್ಪಾ! ಹೊಸಾದು ಭಾಳ ಜೋರು. ತೂಗಿ ಹಾಕು ಅಂತ ಬಡಕೊಂಡಿದ್ದೆ.”

“ಹೊಗಿ ಬರೂದಿಲ್ಲ, ನಳಿಗ್ಯಾಗ ಮಸಿ ಕೂಡೂದಿಲ್ಲ ಅಂದಿದ್ರಿ. ಅಷ್ಟ ತಲ್ಯಾಗಿತ್ತು.”

ಇದು ಬಂದೂಕಿನ ಮದ್ದು ಎಂದು ಹೊಳೆದು ಶಿವಗಂಗವ್ವ ಅವರತ್ತ ಕಿವಿಗೊಟ್ಟಳು.

“ಹಳೇದರ ಹೊಗಿ ನೋಡೇ ಪೊಲೀಸರು ನಮ್ಮ ಜೊತಿಗಿದ್ದ ಕಾಡಪ್ಪನ್ನ ಹಿಡದ್ರು. ಅದಕ್ಕ ಇದನ್ನ ತಂದೆ. ಈಗ ಪಿಸ್ತೂಲು ಒಡೀತು, ನಿನ್ನ ಎರಡು ಬೆರಳು ಹಾರಿ ಹೋದುವು.”

“ಇನ್ನೊಂದು ಪಿಸ್ತೂಲು ಐತಲ್ಲ? ಎಡಗೈಲೆ ಹೊಡಿತೀನಿ. ಮೆರವಣಿಗಿ ಮ್ಯಾಲೆ ಗುಂಡು ಹಾಕಿಸಿದ ಆ ಸಾಹೇಬನ ತಲಿ ಒಡದ್ರ, ಈ ಕೈ ಪೂರಾ ಹೋದ್ರೂ ಹೋಗಲಿ.”

ಕಂಪೌಂಡರ್ ಬಾಗಿಲಿಗೆ ಬಂದು, ಕೈಗೇನಾಯಿತೆಂದು ಮರಾಠಿಯಲ್ಲಿ ಕೇಳಿದ. ಗಿರಣಿಯ ಪಟ್ಟಿಗೆ ಸಿಕ್ಕಿತೆಂದು ಈರಬಸಪ್ಪ ಮರಾಠಿಯಲ್ಲೇ ಹೇಳಿ, ಕಿರಿಯವನ ರಟ್ಟೆ ಹಿಡಿದು ಎಬ್ಬಿಸಿದ. ಇಬ್ಬರೂ ಹೊಸ್ತಿಲು ದಾಟುವಷ್ಟರಲ್ಲಿ ಹಿಂದಿನಿಂದ ಶಿವಗಂಗವ್ವನ ತಗ್ಗಿದ ದನಿ ಕೇಳಿಸಿತು.

“ಅಣ್ಣಾರ, ಈ ಸಲ ತೂಗಿ ಹಾಕ್ರಿ.”