ನಿನ್ನೆ ಬಿದ್ದ ವಿಕೆಟ್ಟು

ಒಂದು ಪೇಟೆಯಲ್ಲಿ ಒಬ್ಬ ಸಾಹುಕಾರ. ಅಕ್ಕಿ ಗಿರಣಿ, ಎರಡು ಅಂತಸ್ತಿನ ಮನೆ, ಗೋಡೆ ತುಂಬ ಒಂದು ಟಿವಿ. ಮನುಷ್ಯ ಕೆಟ್ಟವನಲ್ಲ, ನೋಡಿ. ಕೇಳಿದವರಿಗೆ ಇಲ್ಲ ಅಂದವನಲ್ಲ. ಆದರೆ ಕ್ರಿಕೆಟ್ ಅಂದರೆ ಮುಗಿಯಿತು, ಮನೆಯಲ್ಲಿ ಯಾರೂ ಉಸಿರೆತ್ತುವಂತಿಲ್ಲ. ನಮ್ಮವರು ಬ್ಯಾಟ್ ಬೀಸುತ್ತಿರುವಾಗ ಇವನು ಕೂತ ಭಂಗಿ ಬದಲಿಸುವುದಿಲ್ಲ. ಬದಲಿಸಿದರೆ ವಿಕೆಟ್ ಬೀಳುತ್ತದಂತೆ! ನಗಬೇಡಿ. ನಿಮ್ಮ ಮನೆಯಲ್ಲೂ ಇದೇ ನಡೆಯುತ್ತದೆ, ನನಗೆ ಗೊತ್ತು.

ಅವನಿಗೊಬ್ಬಳು ತಂಗಿ, ಅದೇ ಪೇಟೆಯ ಇನ್ನೊಂದು ತುದಿಯಲ್ಲಿ. ಗಂಡ ತೀರಿಕೊಂಡ ಮೇಲೆ ಬಟ್ಟೆ ಹೊಲಿದು ಒಬ್ಬಳೇ ಮಗಳನ್ನು ಓದಿಸಿದವಳು. ಈಗ ಆ ಮಗಳಿಗೆ ಮದುವೆ ಗೊತ್ತಾಗಿತ್ತು. ಧಾರೆ ಎರೆಯುವವರು ಯಾರು? ಅಪ್ಪ ಇಲ್ಲ. ಸೋದರಮಾವ ಇದ್ದಾನಲ್ಲ, ಅವನೂ ಅತ್ತಿಗೆಯೂ ನಿಂತು ಎರೆಯಲಿ. ಅದೇನು ಫೋನಿನಲ್ಲಿ ಹೇಳುವ ಮಾತೇ? ತಟ್ಟೆಯಲ್ಲಿ ಎಲೆ ಅಡಿಕೆ, ತೆಂಗಿನಕಾಯಿ ಇಟ್ಟುಕೊಂಡು ಬೆಳಗ್ಗೆಯೇ ಅಣ್ಣನ ಮನೆಗೆ ಹೊರಟಳು. ಇನ್ನೊಂದು ಮಾತು. ಗಂಡ ಹೋದ ಮೇಲೆ ಅವಳು ಯಾರ ಮನೆಗೂ ಸುಲಭಕ್ಕೆ ಹೋಗುತ್ತಿರಲಿಲ್ಲ. ಇವಳು ಎದುರು ಬಂದಳೆಂದು ಮುಖ ತಿರುಗಿಸುವವರನ್ನು ನೋಡಿ ನೋಡಿ ಸಾಕಾಗಿತ್ತು. ಹಿಂದೆಮುಂದೆ ನೋಡದೆ ಅವಳು ಹೊಸ್ತಿಲು ದಾಟುತ್ತಿದ್ದುದು ಅಣ್ಣನ ಮನೆಯದೊಂದನ್ನೇ.

ಒಳಗೆ ಏನು ನಡೆಯುತ್ತಿತ್ತು, ಕೇಳಿ. ಹಿಂದಿನ ದಿನ ಫೈನಲ್. ಸಾಹುಕಾರ ಮನೆದೇವರ ಪೂಜೆಗೆಂದು ಊರಾಚೆ ಹೋಗಿದ್ದ. ಅಲ್ಲಿ ಫೋನ್ ಆಫ್ ಮಾಡಿಟ್ಟಿದ್ದ. ಭಕ್ತಿಯಿಂದ ಅಂದುಕೊಂಡಿರಾ? ಸ್ಕೋರು ಕಿವಿಗೆ ಬೀಳಬಾರದು ಅಂತ! ಮಾರನೇ ದಿನ ಬೆಳಗ್ಗೆ ಟಿವಿಯಲ್ಲಿ ಮರುಪ್ರಸಾರ ಇತ್ತು, ಅದನ್ನು ಏನೂ ಗೊತ್ತಿಲ್ಲದ ಹಾಗೆ ನೋಡಬೇಕಿತ್ತು. ಪೇಪರ್ ಒಳಗೆ ಬರುವಂತಿಲ್ಲ, ಹಾಲಿನವನು ಬಾಯಿ ಬಿಡುವಂತಿಲ್ಲ, ಹೆಂಡತಿ ಅಡುಗೆಮನೆಯಿಂದ ಆಚೆ ಬರುವಂತಿಲ್ಲ. ಇವನು ಎಡಗಾಲು ಮಡಚಿ ಕೂತು, ಕಾಲು ಜೋಮು ಹಿಡಿದರೂ ಅಲುಗಾಡದೆ, ನಿನ್ನೆಯೇ ಮುಗಿದುಹೋದ ಆಟವನ್ನು ಗೆಲ್ಲಿಸಲು ಒದ್ದಾಡುತ್ತಿದ್ದ. ಅಯ್ಯೋ, ಏನು ಹೇಳಲಿ ಇಂಥವರಿಗೆ!

ತಂಗಿ ಚಪ್ಪಲಿ ಬಿಟ್ಟು ಒಳಗೆ ಕಾಲಿಟ್ಟಳು. ಅದೇ ಹೊತ್ತಿಗೆ ಟಿವಿಯಲ್ಲಿ ಸ್ಟಂಪ್ ಹಾರಿತು.

"ಥೂ! ಬಂದ್ಯಾ?" ಎಂದು ಅಣ್ಣ ಕಿರುಚಿದ. "ಇಷ್ಟೊತ್ತು ಎಷ್ಟು ಚೆನ್ನಾಗಿ ಆಡ್ತಿದ್ರು. ನೀನು ಕಾಲಿಟ್ಟೆ, ಔಟು! ಎಂಥಾ ಕಾಲ್ಗುಣನೇ ನಿಂದು!"

"ಅಣ್ಣ, ಮದುವೆ ವಿಷಯ..."

"ಏನೂ ಹೇಳ್ಬೇಡ! ಬಾಯಿ ಮುಚ್ಚು! ಆಚೆ ಹೋಗಿ ನಿಂತ್ಕೋ, ಮ್ಯಾಚ್ ಮುಗೀಲಿ!" ಎಂದವನೇ ಎರಡೂ ಕಿವಿ ಮುಚ್ಚಿಕೊಂಡ.

ಅವಳು ಆಚೆ ಬಂದು ನಿಂತಳು. ತಟ್ಟೆ ಕೈಯಲ್ಲೇ ಇತ್ತು. ಬೀದಿಯವರು ಅಂದದ್ದನ್ನೆಲ್ಲ ನುಂಗಿಕೊಂಡವಳು. ಈಗ ಒಡಹುಟ್ಟಿದವನೂ ಅದನ್ನೇ ಅಂದನಲ್ಲ! ಆದರೂ ಕಾದಳು. ಏನೋ ಸಿಟ್ಟಿನಲ್ಲಿ ಅಂದಿರಬೇಕು, ಈಗ ಕರೆಯುತ್ತಾನೆ, ಈಗ ಕರೆಯುತ್ತಾನೆ. ಒಳಗಿನಿಂದ ಬಂದದ್ದು "ಸಿಕ್ಸ್!" ಎಂಬ ಕೂಗು. ಅದರ ಹಿಂದೆಯೇ ಹೆಂಡತಿಗೆ ಹೇಳಿದ ಮಾತು: "ನೋಡಿದ್ಯೇನೇ? ಅವಳು ಆಚೆ ಹೋದ್ಲು, ಎಲ್ಲಾ ಸರಿಹೋಯ್ತು!"

ತಂಗಿ ಚಪ್ಪಲಿ ಮೆಟ್ಟಿಕೊಂಡು ಮನೆಗೆ ಹೊರಟುಹೋದಳು.

ನೋಡಿ, ಆ ವಿಕೆಟ್ ಬಿದ್ದದ್ದು ಯಾವಾಗ? ನಿನ್ನೆ! ಇವಳು ಕಾಲಿಟ್ಟದ್ದು ಯಾವಾಗ? ಇವತ್ತು! ನಿನ್ನೆ ಬಿದ್ದ ವಿಕೆಟ್ಟಿಗೆ ಇವತ್ತು ಬಂದ ತಂಗಿ ಹೊಣೆಯೇ? ತಲೆ ಅಂತ ಒಂದು ಇದ್ದರೆ ಅದನ್ನು ಬಳಸುವುದು ಬೇಡವೇ? ಅಂದ ಹಾಗೆ, ಆ ಮ್ಯಾಚು ನಮ್ಮವರು ಸೋತಿದ್ದರು. ಇಡೀ ಪೇಟೆಗೆ ಗೊತ್ತಿತ್ತು, ಇವನೊಬ್ಬನನ್ನು ಬಿಟ್ಟು.

ಸೋಲಿನ ಸಂಕಟದಲ್ಲಿ ಅವನಿಗೆ ತಂಗಿ ಬಂದದ್ದೇ ಮರೆತುಹೋಯಿತು. ಮದುವೆಯ ಕರೆ ಪಕ್ಕದ ಮನೆಯವರ ಮೂಲಕ ಬಂತು. ಆಗಲೂ ಇವನಿಗೆ ಏನೂ ಹೊಳೆಯಲಿಲ್ಲ. ರೇಷ್ಮೆ ಪಂಚೆ ಉಟ್ಟು, ಹೆಂಡತಿಯ ಜತೆ ಛತ್ರಕ್ಕೆ ಬಂದವನು ನೆಟ್ಟಗೆ ಮಂಟಪದ ಹತ್ತಿರ ಹೋದ. ಧಾರೆಗೆ ತಾನೇ ಅಲ್ಲವೇ! ನೋಡಿದರೆ ಮಗಳ ಪಕ್ಕದಲ್ಲಿ ತಂಗಿಯೇ ನಿಂತಿದ್ದಾಳೆ, ಕೈಯಲ್ಲಿ ಧಾರೆಯ ಚೊಂಬು. ಯಾರೋ ಹಿರಿಯರು ತಕರಾರು ತೆಗೆದಿದ್ದರಂತೆ. ಹುಡುಗಿ ಕಡ್ಡಿ ಮುರಿದ ಹಾಗೆ ಹೇಳಿದಳಂತೆ, "ನನ್ನ ಸಾಕಿದ್ದು ಅಮ್ಮ. ಅಮ್ಮನೇ ಎರೀಲಿ. ಇಲ್ಲಾಂದ್ರೆ ಮದುವೇನೇ ಬೇಡ." ಗಂಡಿನ ತಂದೆ ಆಗಲಿ ಎಂದರಂತೆ.

"ನನಗೊಂದು ಮಾತು ಹೇಳಬಾರದಿತ್ತೇನೇ?" ಎಂದ ಅಣ್ಣ.

"ಹೇಳೋಕೇ ಬಂದಿದ್ದೆ ಅಣ್ಣ. ನೀನು ಕಿವಿ ಮುಚ್ಕೊಂಡೆ" ಎಂದಳು. ಆಮೇಲೆ ಬಂದವರಿಗೆಲ್ಲ ಹೇಳುವ ಹಾಗೆ ಅವನಿಗೂ ಹೇಳಿದಳು, "ಊಟ ಮಾಡ್ಕೊಂಡೇ ಹೋಗು."

ಅವನನ್ನು ಬಿಡಿ. ನಮ್ಮ ಕಥೆ ಏನು? ನಾನಿಲ್ಲಿ ಗಂಟಲು ಹರಿದುಕೊಳ್ಳುತ್ತಿರುವಾಗಲೂ ಆ ಕಂಬದ ಹಿಂದೆ ಒಬ್ಬರು ತೊಡೆಯ ಮೇಲೆ ಫೋನ್ ಇಟ್ಟುಕೊಂಡು ಬಗ್ಗಿದ್ದಾರೆ. ಒಳಗಿಡಿ ಸ್ವಾಮಿ, ಒಳಗಿಡಿ! ಆಟ ನೋಡಬೇಡಿ ಅಂದೆನೇ? ಸಿನಿಮಾ ಬೇಡ ಅಂದೆನೇ? ನೋಡಿ, ಖುಷಿಪಡಿ. ಆದರೆ ಧಾರಾವಾಹಿಯ ಸೊಸೆ ಅತ್ತರೆ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುವ ತಾಯಂದಿರೇ, ನಿಮ್ಮ ಸೊಸೆ ಊಟ ಮಾಡಿದಳಾ ಎಂದು ಕೇಳಿದಿರಾ? ಕಟೌಟಿಗೆ ಹಾಲು ಸುರಿಯುವ ಮಕ್ಕಳೇ, ಅಪ್ಪನ ಕಣ್ಣಿನ ಆಪರೇಷನ್ನಿಗೆ ಜತೆಗೆ ಹೋದಿರಾ?

ಇವತ್ತಿನಿಂದ ಮನೆಗೆ ಯಾರೇ ಬರಲಿ, ಮೊದಲು ಟಿವಿ ಆರಿಸಿ. ಸದ್ದು ಕಡಿಮೆ ಮಾಡುವುದಲ್ಲ, ಆರಿಸಿ! ಎದ್ದು ನಿಲ್ಲಿ. ವಿಕೆಟ್ ಬೀಳುತ್ತದೆಯೇ? ಬೀಳಲಿ ಬಿಡಿ! ಬಂದವರ ಮುಖ ನೋಡಿ, ಕುಡಿಯಲು ನೀರು ಕೊಡಿ, ಅವರು ಹೇಳಿ ಮುಗಿಸುವ ತನಕ ಕೇಳಿ. ಆಟವನ್ನು ಬೆಳಗ್ಗೆ ಮತ್ತೆ ಹಾಕುತ್ತಾರೆ, ಮಧ್ಯಾಹ್ನವೂ ಹಾಕುತ್ತಾರೆ. ಬಾಗಿಲಿನಿಂದ ತಿರುಗಿ ಹೋದ ತಂಗಿ ಮತ್ತೆ ಕೇಳುವುದಕ್ಕೆ ಬರುವುದಿಲ್ಲ.