ಸಾಹುಕಾರ ಸಂಬಳಕ್ಕೆ ಹಚ್ಚಿದ ಭಕ್ತಿ

ಒಂದೂರು ಅಂತ ಇಟ್ಟುಕೊಳ್ಳಿ. ಆ ಊರಿಗೊಬ್ಬ ಸಾಹುಕಾರ. ಎಂಥ ಸಾಹುಕಾರ ಅಂದರೆ, ಸೀನು ಬಂದರೂ ಸೀನುವುದಕ್ಕೆ ಒಬ್ಬ ಆಳು ಸಿಗುತ್ತಾನೇನೋ ಎಂದು ಸುತ್ತ ನೋಡುವಂಥವನು. ನಗಬೇಡಿ, ನಿಮ್ಮ ಬೀಗರೇ ಇದ್ದಾರು.

ಅವನ ಹೆಂಡತಿಗೆ ಕಾಯಿಲೆ ಬಂತು. ಮಲ್ಟಿಪಲ್ ಸ್ಕ್ಲೆರೋಸಿಸ್ ಅಂದರು ಡಾಕ್ಟರು. ವಾಯರಿನ ಮೇಲಿನ ಹೊದಿಕೆ ಸುಲಿದರೆ ದೀಪ ಮಿಣುಕುತ್ತದಲ್ಲ, ಹಾಗೆ ನರಗಳ ಹೊದಿಕೆ ಅಲ್ಲಲ್ಲಿ ಹಾಳಾಗುವ ಕಾಯಿಲೆ. ಕೈ ನಡುಗುತ್ತದೆ, ಕಾಲು ಸೋಲುತ್ತದೆ, ಏನೂ ಮಾಡದಿದ್ದರೂ ಮೈಯೆಲ್ಲ ದಣಿವು. ಅದಕ್ಕೆಲ್ಲ ಆಕೆ ಅತ್ತಿರಲಿಲ್ಲ. ಆದರೆ ಒಂದು ಬೆಳಿಗ್ಗೆ, ಚಿಕ್ಕಂದಿನಿಂದ ಎಡಗೈಯಲ್ಲಿ ಹಿಡಿದು ಪೂಜಿಸಿದ ಇಷ್ಟಲಿಂಗ ಅಂಗೈಯಿಂದ ಜಾರಿ ಮಡಿಲಿಗೆ ಬಿತ್ತು. ಶಿವನಿಗೇ ನಾನು ಬೇಡವಾದೆ ಅಂದುಕೊಂಡಳು. ಲಿಂಗವನ್ನು ಕರಡಿಗೆಯೊಳಗಿಟ್ಟು ಕೊರಳಿಗೆ ಕಟ್ಟಿಕೊಂಡವಳು ಮತ್ತೆ ತೆರೆಯಲಿಲ್ಲ. ಅನ್ನ ಸೇರದು, ಮಾತು ಬೇಡ.

ಸಾಹುಕಾರ ಸುಮ್ಮನಿರುತ್ತಾನೆಯೇ? ಅಮೃತಶಿಲೆಯ ಪೂಜೆಕೋಣೆ ಕಟ್ಟಿಸಿದ. ಬಣ್ಣಬಣ್ಣದ ಲೈಟು ಹಾಕಿಸಿದ. ಆಕೆಯ ಹೆಸರಿನಲ್ಲಿ ಶಿವಪೂಜೆ ಮಾಡಲು ಅಯ್ಯನವರೊಬ್ಬರನ್ನು ಸಂಬಳಕ್ಕೆ ಗೊತ್ತುಮಾಡಿದ. ಅವರು ಪೂಜೆ ಮಾಡುವುದು, ಈಕೆ ಗಾಲಿಕುರ್ಚಿಯಲ್ಲಿ ಕೂತು ನೋಡುವುದು. ನೋಡಿ, ಇಷ್ಟಲಿಂಗ ಅಂದರೇನು? ನನ್ನ ಅಂಗೈ, ನನ್ನ ಕಣ್ಣು, ನನ್ನ ಶಿವ. ನಡುವೆ ಯಾರೂ ಇಲ್ಲ. ಆ ನಡುವೆಯೇ ಈ ಮಹಾಶಯ ಆಳು ಹಚ್ಚಿದ! ಊರವರೋ, "ಪುಣ್ಯವಂತಿ ಬಿಡವಾ, ಬೆರಳ ಎತ್ತದನ ಪುಣ್ಯ ಬರ್ತೈತಿ" ಎಂದು ಚಹಾ ಕುಡಿದು ಹೋದರು.

ಕೊನೆಗೆ ಡಾಕ್ಟರು ಒಬ್ಬ ಹುಡುಗಿಯನ್ನು ಕಳಿಸಿದರು. ಆಕ್ಯುಪೇಶನಲ್ ಥೆರಪಿಸ್ಟ್. ಕಾಯಿಲೆಯವರು ತಮಗೆ ಬೇಕಾದ ದಿನದ ಕೆಲಸ ತಾವೇ ಮಾಡಿಕೊಳ್ಳಲು ದಾರಿ ಹುಡುಕಿಕೊಡುವುದು ಆಕೆಯ ಕಸುಬು. ಬಂದವಳೇ ಕೇಳಿದಳು: "ಅವ್ವಾರ, ಯಾವ ಕೆಲಸ ಮತ್ತ ನೀವ ಮಾಡಬೇಕು ಅನಸ್ತೈತಿ?"

ಉತ್ತರ ಕೊಟ್ಟವರು ಯಾರು? ಸಾಹುಕಾರ! "ಚಮಚಾ ಹಿಡಿಯೂದ ಕಲಸ್ರಿ, ಸಾಕು."

"ನಾ ಅವ್ವಾರನ್ನ ಕೇಳೀನ್ರಿ."

ಹುಡುಗಿ ಕಾದಳು. ಹೆಂಡತಿ ಕೊರಳಿನ ಕರಡಿಗೆ ಮುಟ್ಟಿ ಅಂದಳು, "ಲಿಂಗಪೂಜಿ."

"ಅದಕ್ಕ ಅಯ್ನೋರನ್ನ ಇಟ್ಟೇನಲ್ಲ!"

"ಹಂಗಾರ ನನ್ನ ಊಟಾನೂ ಅವರ ಕಡೆನ ಮಾಡಸ್ರಿ. ನನ್ನ ಹೊಟ್ಟಿ ತುಂಬತೈತೇನ ನೋಡೂಣು."

ಹುಡುಗಿ ನಕ್ಕಳು, ಪೂಜೆ ಹೇಗೆ ಮಾಡುತ್ತಿದ್ದಿರಿ ಎಂದು ಒಂದೊಂದಾಗಿ ಕೇಳಿದಳು. ಹಂಡೆಯ ಸುಡುನೀರಿನ ಸ್ನಾನ, ಕೂಡಲೇ ನೆಲದ ಮೇಲೆ ಪೂಜೆ. ಅಲ್ಲೇ ಇತ್ತು ಗುಟ್ಟು. ಈ ಕಾಯಿಲೆಗೆ ಶಾಖ ಆಗದು, ಕೈ ಇನ್ನಷ್ಟು ಸೋಲುತ್ತದೆ. ಉಗುರುಬೆಚ್ಚಗಿನ ನೀರು ಸಾಕು, ಆಮೇಲೆ ಕೊಂಚ ವಿಶ್ರಾಂತಿ. ನೆಲದ ಬದಲು ಮೇಜು. ಮೊಣಕೈ ಕೆಳಗೆ ದಿಂಬು, ಮುಂಗೈ ಕೆಳಗೆ ಸುರುಳಿ ಸುತ್ತಿದ ಟವೆಲ್ಲು.

"ಕೈಗೆ ದಿಂಬು ಕೊಟ್ಟು ಪೂಜೀನ? ಶಾಸ್ತ್ರಕ್ಕ ಬರ್ತೈತೇನು?" ಅಂದ ಸಾಹುಕಾರ. ಪೂಜೆಯನ್ನು ಸಂಬಳಕ್ಕೆ ಹಚ್ಚಿದಾಗ ಗೊರಕೆ ಹೊಡೆಯುತ್ತಿದ್ದ ಶಾಸ್ತ್ರ, ದಿಂಬು ಕಂಡದ್ದೇ ಎದ್ದು ಕೂತಿತು ನೋಡಿ!

ಹೆಂಡತಿ ಮೇಜಿನ ಮುಂದೆ ಕೂತು ಕರಡಿಗೆ ತೆರೆದಳು. ಲಿಂಗ ಅಂಗೈಗೆ ಬಂತು. ಕೈ ನಡುಗಿತು, ಲಿಂಗ ವಾಲಿತು. ಮತ್ತೆ ಬಿದ್ದರೆ? ಇನ್ನೊಮ್ಮೆ ಬಿದ್ದರೆ ಮತ್ತೆಂದೂ ಮುಟ್ಟುವ ಎದೆಯಿಲ್ಲ ಆಕೆಗೆ. ಸಾಹುಕಾರ ಹಿಡಿಯಲು ಧಾವಿಸಿದ.

"ಕೈ ತಗೀರಿ!"

ಹೆಂಡತಿಯಿಂದ ಅಂಥ ದನಿ ಅವನು ಕೇಳಿರಲಿಲ್ಲ. ಗೂಡಿನಿಂದ ಬಿದ್ದ ಗುಬ್ಬಿಮರಿಯನ್ನು ಹಿಡಿದಂತೆ ಬೆರಳುಗಳು ಮೆಲ್ಲಗೆ ಬಾಗಿದವು. ಲಿಂಗ ನಿಂತಿತು. ಬಲಗೈ ಒಂದು ಪತ್ರೆಯನ್ನು ಎತ್ತಿ, ಬೀಳಿಸಿ, ಮತ್ತೆ ಎತ್ತಿ ಏರಿಸಿತು. ತಡವಾಯಿತು. ಆಗಲಿ, ಶಿವನಿಗೇನು ಬಸ್ಸು ತಪ್ಪುತ್ತಿತ್ತೇ?

"ಇಲ್ಲೇ ಅದೀಯಲ್ಲೋ ನನ್ನಪ್ಪಾ" ಅಂದಳು. ಗಂಡನಿಗಲ್ಲ.

ಕಾಯಿಲೆ ಹೋಯಿತೇ? ಇಲ್ಲ. ಕೈ ಇಂದಿಗೂ ನಡುಗುತ್ತದೆ. ಆದರೆ ಅಂದು ಆಕೆ ತಾನಾಗಿ ಕೇಳಿ ರೊಟ್ಟಿ ತಿಂದಳು.

ಈಗ ನಿಮ್ಮ ಸರದಿ. ಸಾಹುಕಾರ ಎಷ್ಟು ಮೂರ್ಖ ಎಂದು ಪಕ್ಕದವರ ಕಿವಿಯಲ್ಲಿ ಹೇಳುತ್ತಿದ್ದೀರಲ್ಲ, ನಿಮ್ಮ ಮನೆಯ ಕಾಯಿಲೆಯವರು ಹೂ ಕಟ್ಟಲು ಕೂತಾಗ "ನೀ ಬಿಡು, ತಡಾ ಆಗ್ತೈತಿ" ಎಂದು ಬುಟ್ಟಿ ಕಸಿದವರು ಯಾರು? ಪ್ರೀತಿಯಿಂದಲೇ ಕಸಿದಿರಿ, ಗೊತ್ತು. ಅವನದೂ ಪ್ರೀತಿಯೇ! ನಾಳೆಯಿಂದ ಕಸಿಯಬೇಡಿ. ಯಾವ ಕೆಲಸ ಮಾಡಿದರೆ ನಿನ್ನ ಜೀವಕ್ಕೆ ಹಿತ ಎಂದು ಕೇಳಿ. ಕೇಳಿ ನೀವೇ ಉತ್ತರ ಕೊಡಬೇಡಿ, ಕಾಯಿರಿ. ದಾರಿ ಬಲ್ಲವರನ್ನು ಕರೆಸಿ. ಆಮೇಲೆ ನಿಮಗೆ ಬಹಳ ಕಠಿಣವಾದ ಒಂದು ಸೇವೆ ಉಳಿದಿದೆ: ಎರಡೂ ಕೈ ಹಿಂದೆ ಕಟ್ಟಿಕೊಂಡು, ಬಾಯಿ ಮುಚ್ಚಿಕೊಂಡು, ಪಕ್ಕದಲ್ಲಿ ನಿಂತಿರಿ.